ಉಪಗ್ರಹ ಚಿತ್ರಗಳ ಟೈಮ್‌ಲ್ಯಾಪ್ಸ್

ಉಪಗ್ರಹ ಚಿತ್ರಗಳ ಟೈಮ್‌ಲ್ಯಾಪ್ಸ್ ಎಂದರೆ ಒಂದೇ ಭೂಪ್ರದೇಶವನ್ನು ಬೇರೆ ಬೇರೆ ದಿನಗಳಂದು ಉಪಗ್ರಹಗಳು ಸೆರೆಹಿಡಿದ ಚಿತ್ರಗಳನ್ನು ಕಾಲಕ್ರಮದಲ್ಲಿ ಜೋಡಿಸಿ ತಯಾರಿಸಿದ ವಿಡಿಯೊ. ದಶಕಗಳಲ್ಲಿ ಆದ ಬದಲಾವಣೆಯನ್ನು ಇದು ಕೆಲವೇ ಸೆಕೆಂಡುಗಳಲ್ಲಿ ತೋರಿಸುತ್ತದೆ. ಉಪಗ್ರಹಗಳ ಕಾಲಕ್ಕೂ ಹಿಂದಿನ ಭೂವೈಜ್ಞಾನಿಕ ಘಟನೆಗಳನ್ನು ವಿವರಿಸಲು ಅನಿಮೇಷನ್ ಬಳಸಲಾಗುತ್ತದೆ. ವಿಜಯನಗರ ಜಿಲ್ಲೆಯ ಹೊಸಪೇಟೆ, ಹಂಪಿ ಹಾಗೂ ಬಳ್ಳಾರಿ ಜಿಲ್ಲೆಯ ಸಂಡೂರು, ಕಂಪ್ಲಿಗಳ ಸುತ್ತ ಗಣಿ, ಜಲಾಶಯ, ಗದ್ದೆ ಮತ್ತು ಪ್ರಾಚೀನ ಶಿಲೆಗಳು ಸಮೀಪದಲ್ಲೇ ಇರುವುದರಿಂದ ಈ ವಿಧಾನದ ಉಪಯೋಗ ಮತ್ತು ಮಿತಿಗಳೆರಡನ್ನೂ ಇಲ್ಲಿ ಕಾಣಬಹುದು.

ಚಿತ್ರಗಳ ಮೂಲ

ಅಮೆರಿಕದ ಲ್ಯಾಂಡ್‌ಸ್ಯಾಟ್ ಸರಣಿಯ ಮೊದಲ ಉಪಗ್ರಹವು 1972ರಲ್ಲಿ, ಭಾರತದ ಐಆರ್‌ಎಸ್-1ಎ ಉಪಗ್ರಹವು 1988ರಲ್ಲಿ ಉಡಾವಣೆಗೊಂಡವು. ಲ್ಯಾಂಡ್‌ಸ್ಯಾಟ್ ಚಿತ್ರಗಳು 2008ರಿಂದ ಎಲ್ಲರಿಗೂ ಉಚಿತವಾಗಿ ದೊರೆಯುತ್ತಿವೆ. ಇಸ್ರೋ 2009ರಲ್ಲಿ ‘ಭುವನ್’ ಜಾಲತಾಣವನ್ನು ಆರಂಭಿಸಿತು. 1984ರಿಂದೀಚಿನ ಬದಲಾವಣೆಗಳನ್ನು ತೋರಿಸುವ ಟೈಮ್‌ಲ್ಯಾಪ್ಸ್ ಸೌಲಭ್ಯವು 2021ರಲ್ಲಿ ಗೂಗಲ್ ಅರ್ಥ್‌ಗೆ ಸೇರ್ಪಡೆಯಾಯಿತು.

ಸಂಡೂರಿನ ಗಣಿಗಳು

ಹಸಿರು ಬೆಟ್ಟಸಾಲುಗಳ ನಡುವೆ ಕಬ್ಬಿಣದ ಅದಿರಿನ ಗಣಿಗಳು ವಿಸ್ತರಿಸಿದ ಬಗೆ ಸಂಡೂರಿನ ಚಿತ್ರಸರಣಿಯಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆದರೆ ಯಾವ ಅಗೆತ ಸಕ್ರಮ, ಯಾವುದು ಅಕ್ರಮ ಎಂಬುದನ್ನು ವಿಡಿಯೊ ಹೇಳಲಾರದು. ಸಾಮಾನ್ಯ ಲ್ಯಾಂಡ್‌ಸ್ಯಾಟ್ ಚಿತ್ರದ ಒಂದು ಚುಕ್ಕೆ ನೆಲದ ಮೇಲೆ 30 ಮೀಟರ್ ಉದ್ದ, 30 ಮೀಟರ್ ಅಗಲದ ಜಾಗಕ್ಕೆ ಸಮ. ಗಡಿಕಲ್ಲು ಅದರಲ್ಲಿ ಕಾಣುವುದಿಲ್ಲ. ಆದ್ದರಿಂದ ಗುತ್ತಿಗೆಗಳ ಗಡಿ ನಿರ್ಧಾರಕ್ಕೆ ಸ್ಥಳದಲ್ಲಿ ಅಳತೆ ಅನಿವಾರ್ಯ. ಬಳ್ಳಾರಿ ಜಿಲ್ಲೆಯ ಗಣಿಗಳ ಗಡಿ ಗುರುತಿಸಲು ಸುಪ್ರೀಂ ಕೋರ್ಟ್ 2011ರಲ್ಲಿ ಜಂಟಿ ತಂಡವನ್ನು ನೇಮಿಸಿತು. ಅದೇ ವರ್ಷ ಜುಲೈ 29ರಂದು ಜಿಲ್ಲೆಯಲ್ಲಿ ಗಣಿಗಾರಿಕೆಯನ್ನು ಸ್ಥಗಿತಗೊಳಿಸಿತು.

ತುಂಗಭದ್ರಾ ಜಲಾಶಯ

ಹೊಸಪೇಟೆ ಸಮೀಪದ ಈ ಜಲಾಶಯವು ಮುಂಗಾರಿನಲ್ಲಿ ತುಂಬಿ ಬೇಸಿಗೆಯಲ್ಲಿ ಕುಗ್ಗುತ್ತದೆ. ಒಂದು ವರ್ಷದ ಅಕ್ಟೋಬರ್ ಚಿತ್ರದ ಪಕ್ಕದಲ್ಲಿ ಇನ್ನೊಂದು ವರ್ಷದ ಮೇ ತಿಂಗಳ ಚಿತ್ರವನ್ನಿಟ್ಟರೆ ಜಲಾಶಯವೇ ಬತ್ತಿಹೋದಂತೆ ತೋರುತ್ತದೆ. ಇದು ಋತುವಿನ ವ್ಯತ್ಯಾಸವೇ ಹೊರತು ಶಾಶ್ವತ ಬದಲಾವಣೆಯಲ್ಲ.

ನಿಜವಾದ ಶಾಶ್ವತ ಬದಲಾವಣೆಯಾದ ಹೂಳು ನೀರಿನಡಿಯಲ್ಲಿದ್ದು, ಚಿತ್ರದಲ್ಲಿ ನೇರವಾಗಿ ಕಾಣುವುದಿಲ್ಲ. ನೀರು ಇಳಿಯುತ್ತಾ ಹೋಗುವಾಗ ಪ್ರತಿ ಮಟ್ಟದಲ್ಲಿ ನೀರು ಹರಡಿರುವ ವಿಸ್ತೀರ್ಣವನ್ನು ಚಿತ್ರಗಳಿಂದ ಅಳೆದು, ಹಿಂದಿನ ಅಳತೆಯೊಂದಿಗೆ ಹೋಲಿಸಿ ಹೂಳನ್ನು ಅಂದಾಜಿಸಬಹುದು. ಮೂಲತಃ ಸುಮಾರು 133 ಟಿಎಂಸಿ ಅಡಿಗಳಷ್ಟಿದ್ದ ಜಲಾಶಯದ ಸಂಗ್ರಹ ಸಾಮರ್ಥ್ಯವು ಈಗ ಸುಮಾರು 105.79 ಟಿಎಂಸಿ ಅಡಿಗೆ ಇಳಿದಿದೆ.

ಕಂಪ್ಲಿಯ ಗದ್ದೆಗಳು

ಬೆಳೆಯನ್ನು ಗುರುತಿಸಲು ಬಳಸುವ ಕೃತಕ ವರ್ಣದ ಚಿತ್ರಗಳಲ್ಲಿ, ಸಸ್ಯಗಳು ಹೆಚ್ಚಾಗಿ ಪ್ರತಿಫಲಿಸುವ ಅವಗೆಂಪು ಕಿರಣಗಳಿಗೆ ಕೆಂಪು ಬಣ್ಣ ನೀಡುವುದು ರೂಢಿ. ಹೀಗಾಗಿ ಕಂಪ್ಲಿಯ ಹಸಿರು ಭತ್ತದ ಗದ್ದೆಗಳು ಕಡುಗೆಂಪಾಗಿ ಕಾಣುತ್ತವೆ. ಬಣ್ಣಗಳ ವಿವರಣೆ ಇಲ್ಲದಿದ್ದರೆ ನೋಡುಗರು ಅದನ್ನು ಗಣಿಯ ಕೆಂಪು ಮಣ್ಣೆಂದು ತಪ್ಪು ತಿಳಿಯಬಹುದು.

ಹಂಪಿಯ ಬಂಡೆಗಳು

ಹಂಪಿಯ ಗ್ರಾನೈಟ್ ಶಿಲೆಗಳು ಸುಮಾರು 250 ಕೋಟಿ ವರ್ಷಗಳಷ್ಟು ಹಳೆಯವು. ಬಿರುಕುಗಳಲ್ಲಿ ನೀರಿಳಿದು ಕಲ್ಲಿನ ಅಂಚುಗಳು ಶಿಥಿಲವಾಗಿ, ಸಡಿಲ ಮಣ್ಣು ಕೊಚ್ಚಿಹೋದ ಮೇಲೆ ಗುಂಡುಬಂಡೆಗಳು ಒಂದರ ಮೇಲೊಂದು ಉಳಿದುಕೊಂಡವು. ಈ ಪ್ರಕ್ರಿಯೆಯನ್ನು ಅನಿಮೇಷನ್‌ನಲ್ಲಿ ಮಾತ್ರ ತೋರಿಸಲು ಸಾಧ್ಯ. ಅದು ಶಿಲೆಗಳ ಅಧ್ಯಯನವನ್ನು ಆಧರಿಸಿದ ಊಹೆಯೇ ಹೊರತು ಕಂಡು ದಾಖಲಿಸಿದ ದೃಶ್ಯವಲ್ಲ.

ಗಮನಿಸಬೇಕಾದ ಅಂಶಗಳು

ವಿಶ್ವಾಸಾರ್ಹ ವಿಡಿಯೊದಲ್ಲಿ ಪ್ರತಿ ಚಿತ್ರದ ದಿನಾಂಕ, ಉಪಗ್ರಹದ ಹೆಸರು, ಅಳತೆಗೋಲು ಮತ್ತು ಬಣ್ಣಗಳ ಅರ್ಥವನ್ನು ನಮೂದಿಸಿರಬೇಕು. ವರ್ಷಗಳ ಹೋಲಿಕೆಗೆ ಒಂದೇ ಋತುವಿನ ಚಿತ್ರಗಳನ್ನು ಆಯ್ದುಕೊಳ್ಳಬೇಕು. ಮೂರು ಆಯಾಮದ ದೃಶ್ಯಗಳಲ್ಲಿ ಬೆಟ್ಟಗಳ ಎತ್ತರವನ್ನು ಹಿಗ್ಗಿಸಿದ್ದರೆ ಅದರ ಪ್ರಮಾಣವನ್ನೂ ತಿಳಿಸಬೇಕು.