ಎರಡು ಹಳೆಯ ಮೋಟಾರುಗಳು

ವಾಚಕರೇ, ನಮ್ಮ ದೇಶದ ರಸ್ತೆಗಳನ್ನು ಬಹುಕಾಲ ಆಳಿದ ಮೋಟಾರುಗಳು ಮುಖ್ಯವಾಗಿ ಎರಡು: ಅಂಬಾಸಡರ್ ಮತ್ತು ಫಿಯೆಟ್. ಮೊದಲನೆಯದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡಿನ ಅಚ್ಚು. ಕಲ್ಕತ್ತೆಯ ಬಳಿಯ ಉತ್ತರಪಾಡಾದಲ್ಲಿ 2014ರವರೆಗೂ ತಯಾರಾಯಿತು. ಎರಡನೆಯದು ಇಟಲಿಯ ಫಿಯೆಟ್ 1100ರ ವಂಶದ್ದು. ಮುಂಬಯಿಯ ಪ್ರೀಮಿಯರ್ ಕಾರ್ಖಾನೆಯಲ್ಲಿ ಬೆಳೆದು, 1974ರಲ್ಲಿ ಪದ್ಮಿನಿಯೆಂಬ ಹೆಸರು ಪಡೆಯಿತು. ಆ ಸಂಸ್ಥೆಯನ್ನು ವಾಲಚಂದ ಹೀರಾಚಂದರು 1944ರಲ್ಲಿ ಸ್ಥಾಪಿಸುವುದಕ್ಕೆ ಮುನ್ನವೇ, ಭಾರತದಲ್ಲಿ ಮೋಟಾರು ಕಾರ್ಖಾನೆಯಾಗಬೇಕೆಂದು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಶ್ರಮಿಸಿದ್ದುದನ್ನು ಕನ್ನಡಿಗರು ಮರೆಯಲಾಗದು.

ಇವುಗಳ ಗುಣತಾರತಮ್ಯವೇನು? ಅಂಬಾಸಡರಿನ ಎಂಜಿನ್ನು ಬಹುಕಾಲ 1489 ಸಿ.ಸಿ.; ಫಿಯೆಟ್ಟಿನದು 1089. ಆದರೆ ಫಿಯೆಟ್ಟಿನ ಮೈ ಹಗುರ. ಆದುದರಿಂದ ಪೇಟೆಯ ಸಂದಿಗೊಂದಿಗಳಲ್ಲಿ ಅದು ಚುರುಕು, ಪೆಟ್ರೋಲಿನಲ್ಲೂ ಮಿತವ್ಯಯಿ. ತುಂಬು ಸಂಸಾರವನ್ನೂ ಗಂಟುಮೂಟೆಯನ್ನೂ ಹೊತ್ತು ಹಳ್ಳಕೊಳ್ಳದ ಹಾದಿಯಲ್ಲಿ ಸಾಗುವುದಕ್ಕೆ ಅಂಬಾಸಡರೇ ಸರಿ.

ಪೋಷಣೆಯಲ್ಲಿ ಎರಡೂ ಸರಳ. ಸ್ಪ್ಯಾನರ್ ಹಿಡಿಯಬಲ್ಲ ಊರ ಮೇಸ್ತ್ರಿಯೇ ಇವಕ್ಕೆ ವೈದ್ಯ. ಎಷ್ಟೋ ಬಡ ಹುಡುಗರಿಗೆ ಅನ್ನವಿಟ್ಟ ವಿದ್ಯೆಯದು. ಆದರೆ ದುರಸ್ತಿ ಸುಲಭವೆಂಬ ಹೊಗಳಿಕೆಯಲ್ಲಿ, ದುರಸ್ತಿ ಪದೇ ಪದೇ ಬೇಕಾಗುತ್ತಿತ್ತೆಂಬ ಒಪ್ಪಿಗೆಯೂ ಅಡಗಿದೆಯಲ್ಲವೆ? ಆಮದಿಗೆ ತಡೆ, ತಯಾರಿಕೆಗೆ ಪರವಾನಗಿ. ಕೊಳ್ಳುವವರು ಹಣ ಕಟ್ಟಿ ವರ್ಷಗಟ್ಟಲೆ ಕಾಯುತ್ತಿದ್ದ ಕಾಲವದು. ಕಾಯುವವರಿರುವಾಗ ತಿದ್ದಿಕೊಳ್ಳುವ ಅವಸರ ಯಾರಿಗೆ? 1983ರಲ್ಲಿ ಮಾರುತಿ ಬಂದೊಡನೆ ಇವುಗಳ ಪ್ರಾಬಲ್ಯ ಕುಗ್ಗತೊಡಗಿತು.

ಹೊರೆಗೆ ಅಂಬಾಸಡರ್, ಪೇಟೆಗೆ ಫಿಯೆಟ್ ಎನ್ನೋಣ. ಎರಡನ್ನೂ ಪ್ರೀತಿಯಿಂದ ನೆನೆಯೋಣ. ಆದರೆ ನಾವು ಅವನ್ನು ಮೆಚ್ಚಿದ್ದರಲ್ಲಿ ಬೇರೆ ಗತಿಯಿಲ್ಲದಿದ್ದ ಪಾಲೆಷ್ಟೆಂಬುದನ್ನೂ ವಿಚಾರಿಸೋಣ.