ಬೇಟೆಯ ಬಯಲಲ್ಲಿ ಜಹಾಂಗೀರ್ ಮತ್ತು ನೂರ್ ಜಹಾನ್

ನೂರ್ ಜಹಾನ್ ಎಂಬ ಹೆಸರು ಕೇಳಿದ ಕೂಡಲೇ ನಿಮ್ಮ ಕಣ್ಣೆದುರಿಗೆ ಬರುವ ಚಿತ್ರ ಯಾವುದು? ಕೈಯಲ್ಲಿ ಗುಲಾಬಿ ಹಿಡಿದು ಕನ್ನಡಿ ನೋಡುತ್ತಿರುವ ಒಬ್ಬ ಸುಂದರಿ, ಅಲ್ಲವೇ? ನಮ್ಮ ಸಿನಿಮಾಗಳು, ಕ್ಯಾಲೆಂಡರ್‌ಗಳು ಮತ್ತು ಕೆಲವು ಪಠ್ಯಪುಸ್ತಕಗಳು ನಮಗೆ ಕೊಟ್ಟ ಚಿತ್ರ ಅದು. ಆದರೆ ಜಹಾಂಗೀರನ ಆಸ್ಥಾನದ ಹೆಸರಾಂತ ಚಿತ್ರಕಾರ ಅಬುಲ್ ಹಸನ್ ಆಕೆಯ ಜೀವಿತಕಾಲದಲ್ಲೇ ಬರೆದ ಚಿತ್ರವೊಂದು ರಾಂಪುರದ ರಝಾ ಗ್ರಂಥಾಲಯದಲ್ಲಿದೆ. ಅದರಲ್ಲಿ ನೂರ್ ಜಹಾನಳ ಕೈಯಲ್ಲಿರುವುದು ಗುಲಾಬಿಯಲ್ಲ, ಉದ್ದನೆಯ ಬಂದೂಕು. ಈ ಎರಡು ಚಿತ್ರಗಳ ನಡುವಿನ ಅಂತರವೇ ಈ ಲೇಖನದ ವಿಷಯ.

ಪತಿ ಪತ್ನಿಯರು ಜೊತೆಯಾಗಿ ಬೇಟೆಗೆ ಹೋಗುವುದು, ಬೇಟೆಯ ಮಾಂಸವನ್ನು ಉಣ್ಣುವುದು ಮತ್ತು ಹಂಚುವುದು ಮೊಗಲರ ಕಾಲದಲ್ಲಿ ಹೇಗಿತ್ತು ಎಂದು ತಿಳಿಯಲು ನಾವು ದೂರ ಹೋಗಬೇಕಾಗಿಲ್ಲ. ಸ್ವತಃ ಬಾದಶಹನೇ ಅದನ್ನು ಬರೆದಿಟ್ಟಿದ್ದಾನೆ. ‘ತುಝುಕೆ ಜಹಾಂಗೀರಿ’ ಎಂದು ಪ್ರಸಿದ್ಧವಾದ ಆತನ ಆತ್ಮಕಥನ ಫಾರ್ಸಿ ಭಾಷೆಯಲ್ಲಿದೆ. ತನ್ನ ತಪ್ಪುಗಳನ್ನೂ ಮುಚ್ಚಿಡದೆ ಬರೆದ ಅರಸರು ಇತಿಹಾಸದಲ್ಲಿ ವಿರಳ. ಜಹಾಂಗೀರ್ ಅವರಲ್ಲೊಬ್ಬ.

ಲೆಕ್ಕವಿಟ್ಟ ಬೇಟೆಗಾರ

1617ರಲ್ಲಿ ಮಾಂಡುವಿನಲ್ಲಿ ಬೀಡುಬಿಟ್ಟಿದ್ದಾಗ ಜಹಾಂಗೀರ್ ತನ್ನ ಬೇಟೆಯ ಲೆಕ್ಕ ತೆಗೆಸಿದನು. ಹನ್ನೆರಡನೇ ವಯಸ್ಸಿನಿಂದ ಐವತ್ತನೇ ವಯಸ್ಸಿನವರೆಗೆ ಆತನ ಸಮ್ಮುಖದಲ್ಲಿ ಬೇಟೆಯಾದ ಪ್ರಾಣಿಪಕ್ಷಿಗಳು 28,532. ಅವುಗಳಲ್ಲಿ ಆತನ ಕೈಯಿಂದಲೇ ಸತ್ತವು 17,167. ನೀಲ್‌ಗಾಯ್‌ಗಳೇ 889. ಈ ಅಂಕಿಗಳನ್ನು ಓದುವಾಗ ಇಂದು ನಮ್ಮ ಮೈ ಜುಮ್ಮೆನ್ನುತ್ತದೆ. ಆದರೆ ಆ ಕಾಲದಲ್ಲಿ ಬೇಟೆ ಎಂದರೆ ಕೇವಲ ವಿನೋದವಾಗಿರಲಿಲ್ಲ. ಅದು ಸೈನ್ಯಕ್ಕೆ ಕವಾಯತು, ಅರಸನಿಗೆ ನಾಡನ್ನು ಕಣ್ಣಾರೆ ನೋಡುವ ಅವಕಾಶ, ಪ್ರಯಾಣದಲ್ಲಿದ್ದ ದೊಡ್ಡ ಶಿಬಿರಕ್ಕೆ ಆಹಾರ.

ಬಯಲಿನ ಮುಖ್ಯ ಬೇಟೆ ಕೃಷ್ಣಮೃಗ. ಗಾಳಿಯಂತೆ ಓಡುವ ಈ ಜಿಂಕೆಯನ್ನು ಹಿಡಿಯಲು ಪಳಗಿಸಿದ ಚೀತಾಗಳಿದ್ದವು, ಬಲೆಗಳಿದ್ದವು, ಬಿಲ್ಲು ಬಂದೂಕುಗಳಿದ್ದವು. ಒಮ್ಮೆ ಇಂತಹ ದೀರ್ಘ ಬೇಟೆಯಲ್ಲಿ ಸತ್ತ ಜಿಂಕೆಗಳ ಮಾಂಸವನ್ನು ಅಂತಃಪುರದ ಬೇಗಂಗಳಿಗೆ, ಅಮೀರರಿಗೆ ಮತ್ತು ಸೇವಕರಿಗೆ ದಿನದಿನವೂ ಹಂಚಲಾಯಿತೆಂದೂ, ಜೀವಂತ ಸಿಕ್ಕಿದ ನೂರಾರು ಜಿಂಕೆಗಳನ್ನು ಫತೇಪುರದ ಬಯಲಿಗೆ ಬಿಡಲು ಕಳುಹಿಸಲಾಯಿತೆಂದೂ ಆತ ಬರೆಯುತ್ತಾನೆ. ಇನ್ನೊಮ್ಮೆ ಗಾಯಗೊಂಡ ನೀಲ್‌ಗಾಯ್ ಒಂದು ಕೈಗೆ ಸಿಗದೆ ಬಹಳ ದೂರ ಓಡಿಸಿತು. ದಣಿದ ಬಾದಶಹ, ಇದು ಬಿದ್ದರೆ ಇದರ ಮಾಂಸವನ್ನು ಹಝ್ರತ್ ಖ್ವಾಜಾ ಮುಈನುದ್ದೀನ್ ಚಿಶ್ತಿಯವರ ಹೆಸರಿನಲ್ಲಿ ಬಡವರಿಗೆ ಉಣಿಸುವೆನೆಂದು ಹರಕೆ ಹೊತ್ತನು. ಪ್ರಾಣಿ ಬಿದ್ದಿತು. ಹಸಿದವರನ್ನು ಕರೆಸಿ, ತನ್ನ ಕಣ್ಣೆದುರಿಗೇ ಅಡುಗೆ ಮಾಡಿಸಿ ಬಡಿಸಲಾಯಿತು.

ಮಾಂಸವನ್ನು ಇಷ್ಟಪಡುತ್ತಿದ್ದ ಜಹಾಂಗೀರ್ ಅದಕ್ಕೆ ಮಿತಿಯನ್ನೂ ಹಾಕಿಕೊಂಡಿದ್ದನು. ತಾನು ಪಟ್ಟಕ್ಕೇರಿದ ಗುರುವಾರ ಮತ್ತು ತಂದೆ ಅಕ್ಬರ್ ಹುಟ್ಟಿದ ಭಾನುವಾರ ಪ್ರಾಣಿವಧೆ ಕೂಡದೆಂದು ಆಜ್ಞೆ ಹೊರಡಿಸಿದ್ದನು. ಗುಜರಾತಿಗೆ ಹೋದಾಗ ಅಲ್ಲಿನ ಸಜ್ಜೆಯ ಖಿಚಡಿ ಆತನಿಗೆ ಬಹಳ ಹಿಡಿಸಿತು. ಮಾಂಸ ತಿನ್ನದ ದಿನಗಳಲ್ಲಿ ಅದನ್ನೇ ಬಡಿಸಬೇಕೆಂದು ಅಪ್ಪಣೆಯಾಯಿತು. ಉತ್ತರ ಕರ್ನಾಟಕದ ನಮ್ಮ ಓದುಗರಿಗೆ ಸಜ್ಜೆಯ ರುಚಿಯನ್ನು ಬೇರೆ ಹೇಳಬೇಕಾಗಿಲ್ಲ!

ಆರು ಗುಂಡು, ನಾಲ್ಕು ಹುಲಿ

1577ರಲ್ಲಿ ಕಂದಹಾರದ ಬಳಿ, ಪರ್ಶಿಯಾದಿಂದ ಹೊರಟಿದ್ದ ಗಿಯಾಸ್ ಬೇಗ್ ಮತ್ತು ಅಸ್ಮತ್ ಬೇಗಂ ದಂಪತಿಗೆ ದಾರಿಯಲ್ಲೇ ಹುಟ್ಟಿದ ಮಗು ಮೆಹರುನ್ನಿಸಾ. ಮೊದಲ ಪತಿ ಶೇರ್ ಅಫ್ಗನ್ 1607ರಲ್ಲಿ ಬರ್ದ್ವಾನಿನಲ್ಲಿ ಕೊಲೆಯಾದಾಗ ಆಕೆ ಒಬ್ಬ ಮಗಳ ತಾಯಿ. 1611ರಲ್ಲಿ ಜಹಾಂಗೀರ್ ಆಕೆಯನ್ನು ವಿವಾಹವಾದನು. ಆಗ ಆಕೆಗೆ ಮೂವತ್ತನಾಲ್ಕರ ಆಸುಪಾಸು. ಮೊದಲು ನೂರ್ ಮಹಲ್, 1616ರಿಂದ ನೂರ್ ಜಹಾನ್ ಎಂಬ ಬಿರುದು ಆಕೆಗೆ ದೊರೆಯಿತು.

1617ರ ವಸಂತದಲ್ಲಿ ಮಾಂಡುವಿನ ಸುತ್ತಮುತ್ತ ಬೇಟೆಗಾರರು ನಾಲ್ಕು ಹುಲಿಗಳನ್ನು ಸುತ್ತುವರಿದರು. ದಂಪತಿ ಜೊತೆಯಾಗಿಯೇ ಹೊರಟರು. ಹುಲಿಗಳು ಕಣ್ಣಿಗೆ ಬಿದ್ದಾಗ ತಾನು ಗುಂಡು ಹಾರಿಸಲೇ ಎಂದು ನೂರ್ ಜಹಾನ್ ಕೇಳಿದಳು. ಬಾದಶಹ ಒಪ್ಪಿದನು. ಆನೆಯ ಮೇಲಿನ ಅಂಬಾರಿಯಿಂದ ಎರಡು ಹುಲಿಗಳನ್ನು ಒಂದೊಂದೇ ಗುಂಡಿಗೆ, ಉಳಿದೆರಡನ್ನು ಎರಡೆರಡು ಗುಂಡಿಗೆ ಆಕೆ ಹೊಡೆದುರುಳಿಸಿದಳು. ಒಟ್ಟು ಆರು ಗುಂಡು. ಒಂದು ಹುಲಿಗೂ ನೆಗೆಯಲು ಸಮಯ ಸಿಗಲಿಲ್ಲ. ಇಂತಹ ಗುರಿಯನ್ನು ತಾನು ಈವರೆಗೆ ಕಂಡಿರಲಿಲ್ಲ ಎಂದು ಸ್ವತಃ ಒಳ್ಳೆಯ ಗುರಿಕಾರನಾಗಿದ್ದ ಪತಿ ಮನಸಾರೆ ಬರೆದನು. ಆಕೆಯ ಮೇಲೆ ಸಾವಿರ ಅಶ್ರಫಿಗಳನ್ನು ಚೆಲ್ಲಿ, ಲಕ್ಷ ರೂಪಾಯಿ ಬೆಲೆಯ ವಜ್ರದ ಕಡಗಗಳನ್ನು ಕೊಟ್ಟನು.

ಗಮನಿಸಿ: ಹೆಂಡತಿ ತನಗಿಂತ ಮುಂದೆ ಹೋದಳೆಂಬ ಅಸೂಯೆ ಇಲ್ಲಿಲ್ಲ. ಆ ಕ್ಷಣದ ಸಂತೋಷವನ್ನು ಆತ ತನ್ನ ಗ್ರಂಥದಲ್ಲಿ ಶಾಶ್ವತಗೊಳಿಸಿದನು. ನಾನೂರು ವರ್ಷಗಳ ನಂತರ ನಾವು ಅದನ್ನು ಓದುತ್ತಿರುವುದು ಆ ಔದಾರ್ಯದಿಂದಾಗಿಯೇ.

ಎರಡು ವರ್ಷಗಳ ನಂತರ, 1619ರಲ್ಲಿ, ಮಥುರಾ ಪ್ರದೇಶದ ಹಳ್ಳಿಗರು ಹುಲಿಯೊಂದರ ಕಾಟದಿಂದ ನೊಂದು ದೂರು ತಂದರು. ಅಷ್ಟರಲ್ಲಿ ಜಹಾಂಗೀರ್ ತನ್ನ ಕೈಯಿಂದ ಯಾವ ಜೀವಿಗೂ ಹಾನಿ ಮಾಡುವುದಿಲ್ಲವೆಂದು ಸಂಕಲ್ಪ ತೊಟ್ಟಿದ್ದನು. ಬಂದೂಕು ಮತ್ತೆ ಪತ್ನಿಯ ಕೈಗೆ ಬಂತು. ಹುಲಿಯ ವಾಸನೆ ಹಿಡಿದ ಆನೆ ಒಂದೆಡೆ ನಿಲ್ಲದು. ಅಂತಹ ಆನೆಯ ಬೆನ್ನಿನಿಂದ ಗುರಿಯಿಡುವುದು ನುರಿತವರಿಗೂ ಕಷ್ಟವೆಂದು ಜಹಾಂಗೀರ್ ಹೇಳುತ್ತಾನೆ. ನೂರ್ ಜಹಾನ್ ಒಂದೇ ಗುಂಡಿಗೆ ಕೆಲಸ ಮುಗಿಸಿದಳು.

ನಮ್ಮ ನಾಡಿನ ನಂಟು

ಜಹಾಂಗೀರ್ ಮಾಂಡುವಿಗೆ ಬಂದದ್ದು ದಖ್ಖನಿನ ಯುದ್ಧದ ಕಾರಣಕ್ಕೆ. ನಮ್ಮ ಬಿಜಾಪುರದ ಎರಡನೇ ಇಬ್ರಾಹಿಂ ಆದಿಲ್ ಶಾಹ್ 1617ರಲ್ಲಿ ರಾಜಕುಮಾರ ಖುರ್ರಂ ಜೊತೆ ಸಂಧಿ ಮಾಡಿಕೊಂಡು ಕಾಣಿಕೆ ಕಳುಹಿಸಿದನು. ಈ ಇಬ್ರಾಹಿಮನನ್ನು ಎಳವೆಯಲ್ಲಿ ಪೋಷಿಸಿ, ಆತನ ಪರವಾಗಿ ರಾಜ್ಯಭಾರ ನಡೆಸಿದವಳು ಒಂದನೇ ಅಲಿ ಆದಿಲ್ ಶಾಹನ ಪತ್ನಿ ಚಾಂದ್ ಬೀಬಿ. ಕುದುರೆಯೇರಿ ಕೈಮೇಲೆ ಡೇಗೆ ಹಿಡಿದು ಬೇಟೆಗೆ ಹೊರಟ ಚಾಂದ್ ಬೀಬಿಯ ಚಿತ್ರವನ್ನು ದಖ್ಖನಿನ ಕಲಾವಿದರು ನಂತರದ ಶತಮಾನದಲ್ಲೂ ಮತ್ತೆ ಮತ್ತೆ ಬರೆದರು. ಮುಸ್ಲಿಂ ಮಹಿಳೆ ಎಂದರೆ ನಾಲ್ಕು ಗೋಡೆಗಳ ಒಳಗೆ ಮಾತ್ರ ಎಂದು ಬರೆಯುವವರೂ, ಹಾಗೆಯೇ ಇರಬೇಕೆಂದು ಬಯಸುವವರೂ ಈ ಚಿತ್ರಗಳನ್ನು ಒಮ್ಮೆ ನೋಡುವುದು ಒಳ್ಳೆಯದು.

ಬೇಟೆಯ ಇನ್ನೊಂದು ಮುಖ

ಇಷ್ಟನ್ನು ಹೇಳಿ ನಿಲ್ಲಿಸಿದರೆ ಅದು ಹೊಗಳಿಕೆಯಾದೀತು, ಇತಿಹಾಸವಾಗದು. ನೂರ್ ಜಹಾನ್ ಜೊತೆಗಿನ ಮದುವೆಗೆ ಸ್ವಲ್ಪ ಮುಂಚಿನ ಒಂದು ಬೇಟೆಯಲ್ಲಿ ನೀಲ್‌ಗಾಯ್ ಇನ್ನೇನು ಗುರಿಗೆ ಸಿಗುವಷ್ಟರಲ್ಲಿ ಒಬ್ಬ ಕುದುರೆಯಾಳು ಮತ್ತು ಇಬ್ಬರು ಪಲ್ಲಕ್ಕಿ ಹೊರುವವರು ಅಡ್ಡ ಬಂದರು. ಪ್ರಾಣಿ ಬೆದರಿ ಓಡಿತು. ಕೋಪಗೊಂಡ ಬಾದಶಹ ಕುದುರೆಯಾಳನ್ನು ಅಲ್ಲಿಯೇ ಕೊಲ್ಲಿಸಿದನು. ಉಳಿದಿಬ್ಬರ ಕಾಲಿನ ನರ ಕತ್ತರಿಸಿ, ಕತ್ತೆಯ ಮೇಲೆ ಕೂರಿಸಿ ಶಿಬಿರದ ಸುತ್ತ ತಿರುಗಿಸಲಾಯಿತು. ಒಂದು ಪ್ರಾಣಿ ತಪ್ಪಿಹೋದದ್ದಕ್ಕೆ ಒಂದು ಮನುಷ್ಯ ಜೀವ! ಇದನ್ನೂ ಆತನೇ ಬರೆದಿದ್ದಾನೆ.

ಅದೇ ಅರಸ ತನ್ನ ಸಾಕು ಜಿಂಕೆ ಮನ್ಸರಾಜ್ ಸತ್ತಾಗ ಅದಕ್ಕೊಂದು ಸಮಾಧಿ ಕಟ್ಟಿಸಿದನು. ಲಾಹೋರಿನ ಸಮೀಪ ಶೇಖುಪುರದಲ್ಲಿ ಹಿರನ್ ಮಿನಾರ್ ಇಂದಿಗೂ ನಿಂತಿದೆ. ಆ ಬಯಲಿನ ಜಿಂಕೆಗಳನ್ನು ಯಾರೂ ಬೇಟೆಯಾಡಬಾರದು, ಅವುಗಳ ಮಾಂಸ ಹಿಂದೂಗಳಿಗೆ ಗೋಮಾಂಸದಂತೆ, ಮುಸ್ಲಿಮರಿಗೆ ಹಂದಿಮಾಂಸದಂತೆ ಎಂದು ಆಜ್ಞೆಯಾಯಿತು. ಜಿಂಕೆಗೆ ಸಿಕ್ಕಿದ ಕರುಣೆ ಬಡ ಕುದುರೆಯಾಳಿಗೆ ಸಿಗಲಿಲ್ಲವಲ್ಲ ಎಂದು ನಿಮಗನ್ನಿಸಿದರೆ ಅದು ಸರಿಯಾದ ಪ್ರಶ್ನೆಯೇ.

ಶರೀಅತ್ ಈ ವಿಷಯದಲ್ಲಿ ಅರಸನಿಗೊಂದು, ಆಳಿಗೊಂದು ನಿಯಮ ಇಟ್ಟಿಲ್ಲ. ಪವಿತ್ರ ಕುರ್‌ಆನಿನ ಸೂರಃ ಅಲ್ ಮಾಇದಃ ಪಳಗಿಸಿದ ಪ್ರಾಣಿಗಳ ಮೂಲಕ ಅಲ್ಲಾಹನ ನಾಮ ಸ್ಮರಿಸಿ ಮಾಡಿದ ಬೇಟೆಯನ್ನು ಅನುಮತಿಸುತ್ತದೆ. ಇಹ್ರಾಮಿನ ಸ್ಥಿತಿಯಲ್ಲಿ ನೆಲದ ಬೇಟೆಯನ್ನು ನಿಷೇಧಿಸುತ್ತದೆ. ಜಿಂಕೆ ಹಲಾಲ್, ಹುಲಿ ಹಲಾಲ್ ಅಲ್ಲ. ಉದ್ದೇಶವಿಲ್ಲದೆ ಕೊಂದ ಗುಬ್ಬಚ್ಚಿಯೂ ನಾಳೆ ಅಲ್ಲಾಹನ ಮುಂದೆ ದೂರು ಹೇಳುವುದೆಂಬ ಎಚ್ಚರಿಕೆ ಹದೀಸ್‌ನಲ್ಲಿದೆ. ಹಸಿದವರಿಗೆ ಉಣಿಸಿದ ನೀಲ್‌ಗಾಯ್ ಮತ್ತು ಹಳ್ಳಿಗರನ್ನು ಕಾಡುತ್ತಿದ್ದ ಮಥುರೆಯ ಹುಲಿಯ ಬೇಟೆಗೆ ಒಂದು ಸಮರ್ಥನೆಯಿದೆ. ಹದಿನೇಳು ಸಾವಿರದ ಲೆಕ್ಕಕ್ಕೆ ಎಲ್ಲಿದೆ?

ಕೊನೆಯ ಬೇಟೆ

ಆ ಸಂಕಲ್ಪ ಕೊನೆಯವರೆಗೆ ಉಳಿಯಲಿಲ್ಲ. 1626ರಲ್ಲಿ ಝೇಲಂ ನದಿಯ ದಡದಲ್ಲಿ ಸೇನಾಪತಿ ಮಹಾಬತ್ ಖಾನ್ ಬಾದಶಹನನ್ನು ಸೆರೆಹಿಡಿದಾಗ, ಬೇಟೆಯಲ್ಲಿ ಕಲಿತ ಧೈರ್ಯದಿಂದಲೋ ಎಂಬಂತೆ ನೂರ್ ಜಹಾನ್ ಆನೆಯೇರಿ ನದಿಗೆ ಇಳಿದು ಕಾದಾಡಿದಳು. ಅಂದು ಸೋತರೂ ನಂತರ ಜಾಣ್ಮೆಯಿಂದ ಪತಿಯನ್ನು ಬಿಡಿಸಿದಳು. ಮರುವರ್ಷ ಕಾಶ್ಮೀರದಿಂದ ಲಾಹೋರಿಗೆ ಮರಳುವಾಗ, ಕಾಯಿಲೆಯಿಂದ ಕುಗ್ಗಿದ್ದ ಜಹಾಂಗೀರ್ ಬೈರಂಕಲಾ ಎಂಬಲ್ಲಿ ಜಿಂಕೆಯ ಬೇಟೆಗೆ ಕುಳಿತನು. ಜಿಂಕೆಗಳನ್ನು ಬೆಟ್ಟದಂಚಿಗೆ ಅಟ್ಟಿ ತರುತ್ತಿದ್ದ ಒಬ್ಬ ಕಾಲಾಳು ಕಾಲು ಜಾರಿ ಪ್ರಪಾತಕ್ಕೆ ಬಿದ್ದು ಸತ್ತನು. ಬಾದಶಹ ತತ್ತರಿಸಿದನು. ಸತ್ತವನ ತಾಯಿಯನ್ನು ಕರೆಸಿ ಹಣ ಕೊಟ್ಟನು. ಆದರೂ ಮನಸ್ಸು ಸಮಾಧಾನಗೊಳ್ಳಲಿಲ್ಲ. ಮಲಕುಲ್ ಮೌತ್ ಆ ರೂಪದಲ್ಲಿ ಕಾಣಿಸಿಕೊಂಡಂತೆ ಆತನಿಗೆ ಅನ್ನಿಸಿತೆಂದು ಆಸ್ಥಾನದ ಚರಿತ್ರೆಕಾರ ಮುಅತಮಿದ್ ಖಾನ್ ದಾಖಲಿಸಿದ್ದಾನೆ. ಕೆಲವೇ ದಿನಗಳಲ್ಲಿ, 1627ರ ಅಕ್ಟೋಬರ್ ಕೊನೆಯಲ್ಲಿ, ಜಹಾಂಗೀರ್ ಇಹಲೋಕ ತ್ಯಜಿಸಿದನು.

ಓದುಗರೇ, ಈ ಎರಡು ಘಟನೆಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿ. ಒಮ್ಮೆ ಬೇಟೆ ತಪ್ಪಿತೆಂದು ಆಳನ್ನು ಕೊಲ್ಲಿಸಿದ ಕೈ, ಮತ್ತೊಮ್ಮೆ ಬೇಟೆಯಲ್ಲಿ ಸತ್ತ ಆಳಿನ ತಾಯಿಯ ಮುಂದೆ ನಡುಗಿತು. ನಡುವೆ ಹದಿನೇಳು ವರ್ಷಗಳ ಆಸುಪಾಸಿನ ಅಂತರ. ಇತಿಹಾಸದಲ್ಲಿ ನಾವು ಕಲಿಯಬೇಕಾದದ್ದು ಹುಲಿಯ ಲೆಕ್ಕವಲ್ಲ, ಇದು.

ಪತಿಯ ನಂತರ ನೂರ್ ಜಹಾನ್ ಹದಿನೆಂಟು ವರ್ಷ ಲಾಹೋರಿನಲ್ಲಿ ಅಧಿಕಾರವಿಲ್ಲದೆ ಬದುಕಿ 1645ರಲ್ಲಿ ತೀರಿಕೊಂಡಳು. ಆಕೆ ಸುಮಾರು ಐನೂರು ಅನಾಥ ಹೆಣ್ಣುಮಕ್ಕಳ ಮದುವೆಯ ವೆಚ್ಚ ಭರಿಸಿದ್ದಳೆಂದು ಚರಿತ್ರೆಕಾರರು ಬರೆದಿದ್ದಾರೆ. ಆಕೆಯ ಹೆಸರಿನ ನಾಣ್ಯಗಳೂ, ತಂದೆಗಾಗಿ ಆಗ್ರಾದಲ್ಲಿ ಕಟ್ಟಿಸಿದ ಅಮೃತಶಿಲೆಯ ಸಮಾಧಿಯೂ ಉಳಿದಿವೆ.

ಇನ್ನು ಬೇಟೆಯ ಮಾತು. ಆ ಬಯಲುಗಳೂ ಇಲ್ಲ, ಆ ಹಿಂಡುಗಳೂ ಇಲ್ಲ. ಭಾರತದ ಚೀತಾ ಅಳಿಯಿತೆಂದು 1952ರಲ್ಲಿ ಘೋಷಿಸಲಾಯಿತು. 2022ರಲ್ಲಿ ಆಫ್ರಿಕಾದಿಂದ ತಂದು ಕೂನೋದಲ್ಲಿ ಬಿಡಬೇಕಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಕೃಷ್ಣಮೃಗದ ಬೇಟೆ ಜೈಲು ಶಿಕ್ಷೆಗೆ ಅರ್ಹವಾದ ಅಪರಾಧ. ನೋಡುವ ಆಸೆಯಿದ್ದರೆ ಹಾವೇರಿ ಜಿಲ್ಲೆಯ ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯಕ್ಕೆ ಹೋಗಿ. ಮಕ್ಕಳನ್ನೂ ಕರೆದೊಯ್ಯಿರಿ. ಬಂದೂಕು ಬೇಡ, ಕಣ್ಣು ಸಾಕು.

ವಿದ್ಯಾರ್ಥಿನಿಯರಿಗೆ ಒಂದು ಮಾತು. ನೂರ್ ಜಹಾನಳ ಗುರಿ ಹುಟ್ಟಿನಿಂದ ಬಂದದ್ದಲ್ಲ, ಅಭ್ಯಾಸದಿಂದ ಬಂದದ್ದು. ಅಂದು ಆಕೆ ಅನುಮತಿ ಕೇಳಿದಳು, ಪತಿ ಅಡ್ಡಿ ಮಾಡಲಿಲ್ಲ, ಆಕೆ ಗುರಿ ತಪ್ಪಲಿಲ್ಲ. ಇಂದು ನಮ್ಮ ಮನೆಯ ಹೆಣ್ಣುಮಕ್ಕಳು ಕೇಳುತ್ತಿರುವುದು ಬಂದೂಕನ್ನಲ್ಲ, ಪುಸ್ತಕವನ್ನು, ಕಾಲೇಜಿನ ಅರ್ಜಿಗೆ ಒಂದು ಸಹಿಯನ್ನು. ನಾನೂರು ವರ್ಷಗಳ ಹಿಂದೆ ಒಬ್ಬ ಬಾದಶಹ ಕೊಟ್ಟ ಉತ್ತರವನ್ನಾದರೂ ನಾವು ಕೊಡಬೇಡವೇ?