ಷಂಟ್ ತೆರೆಯುವ ಜಾಗ ಮತ್ತು ಸೋಡಿಯಂ ಲೆಕ್ಕ

ಬೋಸ್ಟನ್ನಿನ ಮಕ್ಕಳ ಆಸ್ಪತ್ರೆಯ ಡೊನಾಲ್ಡ್ ಮ್ಯಾಟ್ಸನ್ ತಲೆಯೊಳಗೆ ದ್ರವ ತುಂಬಿಕೊಳ್ಳುವ ಜಲಶೀರ್ಷ ರೋಗಕ್ಕೆ ಹೊಸ ಶಸ್ತ್ರಚಿಕಿತ್ಸೆಯೊಂದನ್ನು 1949ರಲ್ಲಿ ಪ್ರಕಟಿಸಿದರು. ಮಗುವಿನ ಒಂದು ಮೂತ್ರಪಿಂಡವನ್ನು ತೆಗೆದು, ಬೆನ್ನುಹುರಿಯ ಸುತ್ತಲಿನ ಮಿದುಳುದ್ರವವನ್ನು ನಳಿಕೆಯ ಮೂಲಕ ಆ ಬದಿಯ ಮೂತ್ರನಾಳಕ್ಕೆ ಹರಿಸುವುದು ಅದರ ಕ್ರಮ. ತಲೆಯೊಳಗಿನ ಒತ್ತಡವೇನೋ ಇಳಿಯುತ್ತಿತ್ತು. ಆದರೆ ದ್ರವದ ಜೊತೆ ಉಪ್ಪೂ ದೇಹದಿಂದ ಹೊರಗೆ ಹೋಗುತ್ತಿತ್ತು. ಈ ಮಕ್ಕಳಿಗೆ ದಿನವೂ ಹೆಚ್ಚುವರಿ ಉಪ್ಪು ಕೊಡಬೇಕಿತ್ತು. ಸಾಮಾನ್ಯ ವಾಂತಿಭೇದಿಯೂ ಅವರ ಜೀವಕ್ಕೆ ಸಂಚಕಾರವಾಗಬಹುದಿತ್ತು. 1950ರ ದಶಕದಲ್ಲಿ ದ್ರವವನ್ನು ದೇಹದೊಳಗೇ ಬೇರೆಡೆಗೆ ಹರಿಸುವ, ಕವಾಟವುಳ್ಳ ನಳಿಕೆಗಳಾದ ಷಂಟ್‌ಗಳು ಬಂದ ಮೇಲೆ ಈ ವಿಧಾನ ಹಿಂದೆ ಸರಿಯಿತು. ಆದರೆ ಅದು ತೋರಿಸಿಕೊಟ್ಟ ಸಂಗತಿಗೆ ಇಂದಿನ ವಾರ್ಡುಗಳಲ್ಲಿ ಸಿಗಬೇಕಾದಷ್ಟು ಗಮನ ಸಿಗುತ್ತಿಲ್ಲವೆಂದು ನನ್ನ ಅಭಿಪ್ರಾಯ. ಸೋಡಿಯಂ ಕುಸಿದಾಗ ಮೊದಲು ಕೇಳಬೇಕಾದದ್ದು, ದ್ರವ ಎಲ್ಲಿಗೆ ಹೋಗಿ ಸೇರುತ್ತಿದೆ ಎಂಬುದನ್ನು.

ವಯಸ್ಕರಲ್ಲಿ ದಿನಕ್ಕೆ ಸುಮಾರು 500 ಮಿ.ಲೀ. ಮಿದುಳುದ್ರವ ಉತ್ಪತ್ತಿಯಾಗುತ್ತದೆ. ಅದರಲ್ಲಿನ ಸೋಡಿಯಂ ಹೆಚ್ಚುಕಡಿಮೆ ರಕ್ತದ ಪ್ಲಾಸ್ಮಾದಲ್ಲಿರುವಷ್ಟೇ, ಲೀಟರಿಗೆ 140 ಮಿಲಿಮೋಲ್ ಆಸುಪಾಸು. ಕ್ಲೋರೈಡ್ ಪ್ಲಾಸ್ಮಾಕ್ಕಿಂತ ಹೆಚ್ಚು, ಪೊಟ್ಯಾಸಿಯಂ ಕಡಿಮೆ. ಹೊಟ್ಟೆಯೊಳಗೆ ತೆರೆಯುವ ಷಂಟಿನಲ್ಲಿ ಈ ದ್ರವವನ್ನು ಉದರಪೊರೆ ಹೀರಿ ರಕ್ತಕ್ಕೆ ಮರಳಿಸುತ್ತದೆ. ಉಪ್ಪು ದೇಹ ಬಿಟ್ಟು ಹೋಗುವುದಿಲ್ಲ. ಹಾಗಾಗಿ ಸರಿಯಾಗಿ ಕೆಲಸ ಮಾಡುತ್ತಿರುವ ಇಂಥ ಷಂಟ್ ಇದ್ದವರಲ್ಲಿ ಸೋಡಿಯಂ ಇಳಿದರೆ ಕಾರಣವನ್ನು ಬೇರೆಡೆ ಹುಡುಕಬೇಕು: ಸೋಂಕು, ವಾಂತಿ, ಅಡ್ರಿನಲ್ ಗ್ರಂಥಿಯ ಕೊರತೆ, ಅಪಸ್ಮಾರಕ್ಕೆ ಕೊಡುವ ಕಾರ್ಬಮಜೆಪಿನ್ ಅಥವಾ ಆಕ್ಸ್‌ಕಾರ್ಬಜೆಪಿನ್.

ಷಂಟಿಗೆ ಸೋಂಕು ತಗಲಿ, ಅದನ್ನು ತೆಗೆದು ದ್ರವವನ್ನು ಹೊರಗಿನ ಚೀಲಕ್ಕೆ ಹರಿಯಬಿಟ್ಟಾಗ ಮಾತ್ರ ಮ್ಯಾಟ್ಸನ್ ಕಾಲದ ಲೆಕ್ಕವೇ ಮರಳುತ್ತದೆ. ವಯಸ್ಕರೊಬ್ಬರು ದಿನಕ್ಕೆ 200 ಮಿ.ಲೀ. ಕಳೆದುಕೊಂಡರೆ ನಷ್ಟ ಸುಮಾರು 28 ಮಿಲಿಮೋಲ್ ಸೋಡಿಯಂ. ಊಟ ಸೇರುತ್ತಿದ್ದರೆ ಅದು ತುಂಬಿಬರುತ್ತದೆ. 3 ಕೆ.ಜಿ. ತೂಕದ ಕೂಸಿನ ಸ್ಥಿತಿ ಹಾಗಲ್ಲ. ದಿನಕ್ಕೆ 30 ಮಿ.ಲೀ. ಚೀಲಕ್ಕೆ ಹೋದರೆ ಸುಮಾರು 4 ಮಿಲಿಮೋಲ್ ಹೋದಂತೆ. ಒಂದು ಲೀಟರ್ ಎದೆಹಾಲಿನಲ್ಲಿರುವ ಸೋಡಿಯಂ ಸುಮಾರು 7 ಮಿಲಿಮೋಲ್ ಮಾತ್ರ. ಆ ಕೂಸು ದಿನಕ್ಕೆ 450 ಮಿ.ಲೀ. ಹಾಲು ಕುಡಿದರೂ ದಕ್ಕುವುದು 3 ಮಿಲಿಮೋಲ್‌ಗಿಂತ ತುಸು ಹೆಚ್ಚು. ಅಂದರೆ ಹಾಲಿನಲ್ಲಿ ಬಂದದ್ದಕ್ಕಿಂತ ಚೀಲಕ್ಕೆ ಹೋದದ್ದೇ ಜಾಸ್ತಿ, ಮೂತ್ರದಲ್ಲಿ ಹೋಗುವುದು ಬೇರೆ. ಚೀಲದಲ್ಲಿ ಸಂಗ್ರಹವಾದಷ್ಟೇ ಪ್ರಮಾಣದ ನಾರ್ಮಲ್ ಸಲೈನನ್ನು, ಲೀಟರಿಗೆ 154 ಮಿಲಿಮೋಲ್ ಸೋಡಿಯಂ ಇರುವ ದ್ರಾವಣವನ್ನು, ರಕ್ತನಾಳದ ಮೂಲಕ ತುಂಬಿಕೊಡುವ ರೂಢಿ ಇದೇ ಕಾರಣಕ್ಕೆ ಬೆಳೆದದ್ದು.

ಇಲ್ಲಿ ಇನ್ನೊಂದು ತೊಡಕಿದೆ. ನೀರನ್ನು ಹಿಡಿದಿಡುವ ಹಾರ್ಮೋನು ಅತಿಯಾಗಿ ಸ್ರವಿಸಿದರೂ ಸೋಡಿಯಂ ಇಳಿಯುತ್ತದೆ. 1957ರಲ್ಲಿ ಶ್ವಾರ್ಟ್ಜ್, ಬಾರ್ಟರ್ ಮತ್ತು ಸಂಗಡಿಗರು ವರ್ಣಿಸಿದ್ದು ಇದನ್ನೇ. ಮಿದುಳಿನ ಕಾಯಿಲೆಯಿಂದ ಮೂತ್ರದಲ್ಲಿ ಉಪ್ಪು ಸೋರಿಹೋಗುವ ಸ್ಥಿತಿಯನ್ನು 1950ರಲ್ಲಿ ಪೀಟರ್ಸ್ ಮತ್ತವರ ಸಹೋದ್ಯೋಗಿಗಳು ಗುರುತಿಸಿದ್ದರು. ಎರಡರಲ್ಲೂ ಮೂತ್ರದ ಸೋಡಿಯಂ ಹೆಚ್ಚೇ ಇರುತ್ತದೆ, ಚಿಕಿತ್ಸೆ ಮಾತ್ರ ತದ್ವಿರುದ್ಧ. ಮೊದಲನೆಯದಕ್ಕೆ ನೀರು ಮಿತಿಗೊಳಿಸಬೇಕು. ಎರಡನೆಯದರಲ್ಲಿ ನೀರು ತಡೆದರೆ ರಕ್ತದ ಪ್ರಮಾಣ ಇನ್ನಷ್ಟು ಕುಗ್ಗಿ ಮಿದುಳಿಗೆ ರಕ್ತಪೂರೈಕೆಯೇ ಕುಂಠಿತವಾದೀತು. ನಮ್ಮ ದೇಶದಲ್ಲಿ ಜಲಶೀರ್ಷಕ್ಕೆ ಮುಖ್ಯ ಕಾರಣಗಳಲ್ಲೊಂದಾದ ಕ್ಷಯದ ಮಿದುಳುಪೊರೆ ಉರಿಯೂತದಲ್ಲಿ ಎರಡೂ ಬರಬಹುದು. ತೂಕ, ನಾಡಿ, ರಕ್ತದೊತ್ತಡ, ಬಾಯಿಯ ಒಣಗುವಿಕೆ ನೋಡಿ ದೇಹದಲ್ಲಿ ನೀರಿನಂಶ ಎಷ್ಟಿದೆಯೆಂದು ಅಂದಾಜಿಸದೆ, ಬರೀ ಪ್ರಯೋಗಾಲಯದ ಸಂಖ್ಯೆ ಹಿಡಿದು ನೀರು ನಿಲ್ಲಿಸುವುದನ್ನು ನಾನು ಒಪ್ಪಲಾರೆ.

ಲಕ್ಷಣಗಳೂ ದಾರಿ ತಪ್ಪಿಸುತ್ತವೆ. ತಲೆನೋವು, ವಾಂತಿ, ಮಂಪರು, ಫಿಟ್ಸ್: ಷಂಟ್ ಕಟ್ಟಿಕೊಂಡರೂ ಇವೇ, ಸೋಡಿಯಂ ಕುಸಿದರೂ ಇವೇ. ಕಟ್ಟಿಕೊಂಡ ಷಂಟಿನಿಂದಾದ ವಾಂತಿಯೇ ಲವಣಗಳನ್ನು ಕೆಡಿಸಿರಬಹುದು. ಆದ್ದರಿಂದ ರಕ್ತಪರೀಕ್ಷೆಯಲ್ಲಿ ಸೋಡಿಯಂ ಕಡಿಮೆ ಕಂಡಿತೆಂದು ಸ್ಕ್ಯಾನ್ ಕೈಬಿಡುವಂತಿಲ್ಲ. ಫಿಟ್ಸ್ ಬಂದಾಗ 3% ಸಲೈನ್ ತಡಮಾಡದೆ ಕೊಡಬೇಕು. ಆದರೆ ದೀರ್ಘಕಾಲದಿಂದ ಇಳಿದಿದ್ದ ಸೋಡಿಯಂ ದಿನವೊಂದಕ್ಕೆ ಲೀಟರಿಗೆ 8ರಿಂದ 10 ಮಿಲಿಮೋಲ್‌ಗಿಂತ ಹೆಚ್ಚು ಏರದಂತೆ ಕಾಯಬೇಕು. ಅತಿವೇಗದಲ್ಲಿ ಏರಿಸಿದರೆ ಮಿದುಳುಕಾಂಡದ ನರತಂತುಗಳ ಮಯಲಿನ್ ಹೊದಿಕೆ ನಾಶವಾಗುವ ಅಪಾಯವಿದೆ.